ಕಣ್ಣಿನೊಳಗಿನ ಕಬ್ಬಿಣ

ಸುಆಮೆ, ಕುಮಾಸಿ
ಭಾನುವಾರ, ೨೧ ಫೆಬ್ರವರಿ ೧೯೮೮

ಪ್ರೀತಿಯ ಮಗಳು ಸೆರ್ವಾ,

ಹೇಗಿದ್ದೀಯಮ್ಮಾ? ತಮಾಲೆಯ ಒಣಗಾಳಿಗೆ ಕೆಮ್ಮು ಹೆಚ್ಚಲಿಲ್ಲ ತಾನೆ? ಶಾಲೆಯ ಮಕ್ಕಳು ಮಾತು ಕೇಳುತ್ತಾರಾ? ಐ ಆಮ್ ಹೋಪಿಂಗ್ ಟು ಬಿ ವೆಲ್. ಕಾಲೇಜಿನಲ್ಲಿ ಹೀಗೇ ಬರೆಸುತ್ತಿದ್ದರೋ ಬೇರೆ ಥರವೋ, ಮರೆತಿದೆ.

ಕಳೆದ ವಾರ ಲಾರಿಯ ಸ್ಪ್ರಿಂಗ್ ಪಟ್ಟಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುವಾಗ ಬಲಗಣ್ಣಿಗೆ ಏನೋ ಚುಕ್ ಎಂದಿತು. ನೋವಿಲ್ಲ, ರಕ್ತವಿಲ್ಲ. ಮೊದಲೆಲ್ಲ ಶೆಡ್ಡಿನಲ್ಲಿ ಯಾರ ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದರೂ ನಿನ್ನ ಅಮ್ಮನ ಮುಂದೆ ಸಾಲು ನಿಲ್ಲುತ್ತಿದ್ದೆವು, ನೆನಪಿದೆಯಾ? ಕೆಂಕೆ ಉಂಡೆ, ಮೆಣಸಿನ ಚಟ್ನಿ ಮಾರುವುದನ್ನು ಬಿಟ್ಟು, ಕೈ ತೊಳೆದು, ಉಟ್ಟ ಬಟ್ಟೆಯ ಅಂಚು ಒದ್ದೆ ಮಾಡಿ, ರೆಪ್ಪೆ ಮಗುಚಿ ಒರೆಸುತ್ತಿದ್ದಳು. "ಮೇಲೆ ನೋಡು ಅಂದ್ರೆ ನನ್ನನ್ನೇ ನೋಡ್ತೀಯಲ್ಲ ಮಾರಾಯ, ಮದ್ವೆಯಾಗಿ ಇಷ್ಟು ವರ್ಷ ಆದ್ರೂ ಸಾಲ್ದಾ?" ಎಂದು ಎಲ್ಲರೆದುರೇ ಬಯ್ಯುತ್ತಿದ್ದಳು. ಎಷ್ಟು ತೊಳೆದರೂ ಬೆರಳಿಗೆ ಮೆಣಸಿನ ವಾಸನೆ. ಏನೂ ಬೀಳದಿದ್ದ ದಿನವೂ ನಾನು ಸಾಲಿನಲ್ಲಿ ನಿಂತದ್ದುಂಟು. ಅವಳಿಗೂ ಗೊತ್ತಿತ್ತು.

ಅವಳು ಹೋದ ಮೇಲೆ ಆ ಕೆಲಸವನ್ನು ಪಕ್ಕದ ವೆಲ್ಡರ್ ಬಾದು ವಹಿಸಿಕೊಂಡಿದ್ದಾನೆ, ಹಳೆಯ ರೇಡಿಯೋ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ಹಿಡಿದು. "ಕಾಲೇಜಣ್ಣಾ, ಅಲ್ಲಾಡ್ಬೇಡ, ನಿನ್ನ ಇಂಗ್ಲಿಷೂ ಈಚೆ ಬಂದ್ಬಿಟ್ಟೀತು!" ಎಂದು ಕಣ್ಣಿಗೆ ಒತ್ತಿದ. ಎಲ್ಲರೂ ನಕ್ಕರು. ಮ್ಯಾಗ್ನೆಟಿಕ್ ಫೋರ್ಸ್ ಎಂದು ನಾನೂ ಪಾಠ ಹೇಳಿದೆ. ಒಳಗೆ ಏನೋ ಕದಲಿ ಸೂಜಿ ಚುಚ್ಚಿದಂತಾಯಿತು. ಮರುದಿನದಿಂದ ಆ ಕಣ್ಣಿಗೆ ಬರೀ ಮಂಜು.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಕಬ್ಬಿಣದ ಚೂರು ಗುಡ್ಡೆಯ ಒಳಗೇ ಹೊಕ್ಕಿದೆಯಂತೆ. ನಿನ್ನ ವಯಸ್ಸಿನ ಡಾಕ್ಟರಮ್ಮ. ಬಾದುವಿನ ವಿಷಯ ಕೇಳಿ ತಲೆ ಚಚ್ಚಿಕೊಂಡರು. "ನಾವೂ ಅಯಸ್ಕಾಂತಾನೇ ಹಿಡಿಯೋದು ಅಪ್ಪಾ. ಆದ್ರೆ ಮೊದ್ಲು ಕೊಯ್ದು ಅದಕ್ಕೊಂದು ಬಾಗಿಲು ಮಾಡ್ಕೊಟ್ಟು, ಆಮೇಲೆ." ಬಿಟ್ಟರೆ ತುಕ್ಕು ಕಣ್ಣನ್ನೇ ತಿನ್ನುತ್ತದಂತೆ, ತೆಗೆದರೂ ದೃಷ್ಟಿ ಉಳಿಯುತ್ತದೆಂದು ಮಾತು ಕೊಡಲಾರರಂತೆ. ಎಡಗಣ್ಣಿನ ಪೊರೆ ನಿನಗೆ ಗೊತ್ತೇ ಇದೆ. ಈ ದಪ್ಪ ಅಕ್ಷರಗಳಿಗೆ ಅದೇ ಕಾರಣ.

ಅಳಿಯಂದಿರಿಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರ ಬೆನ್ನಿಗಿರಲಿ.

ನಿನ್ನ ಅಪ್ಪ,
ಕ್ವಾಬೆನಾ ಅದುಸೇಯ್

ತಾ.ಕ.: ತಮಾಲೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಡ್ರೈವರ್ ಕೈಗೆ ಇದನ್ನು ಕೊಡಬೇಕು. ನಾಳೆಯೇ ಆಪರೇಷನ್ ಎಂದ ಡಾಕ್ಟರಮ್ಮನ ಜೊತೆ ಜಗಳವಾಡಿ ಗುರುವಾರಕ್ಕೆ ತಳ್ಳಿದ್ದೇನೆ. ಒಂದು ದಿನವೂ ಹೆಚ್ಚಿಗೆ ಕಾಯುವ ಹಾಗಿಲ್ಲ ಎಂದಿದ್ದಾರೆ. ಉತ್ತರ ಬರೆಯಬೇಡ, ನೀನೇ ಬಾ. ಈಗಲೂ ಒಳ್ಳೆ ಬಿಸಿಲಿದ್ದರೆ ಎದುರಿಗಿರುವವರ ಮುಖ ಗುರುತು ಸಿಗುತ್ತದೆ. ಬುಧವಾರ, ಬೆಳಕಿರುವಾಗಲೇ ಬಾ.