ಕೋಟು ನಿನ್ನ ಹತ್ತಿರವೇ ಇದೆಯಲ್ಲ?

ಮಿನೆಸೋಟ ಮಹಿಳಾ ಜೈಲು

ಮಾರ್ಲಿಸ್ ಅಕ್ಕಾ,

ವಿಮೆ ವಂಚನೆ ಕೇಸಿನಲ್ಲಿ ನಾನು ಕೊಟ್ಟ ತಪ್ಪೊಪ್ಪಿಗೆಯನ್ನು ರದ್ದು ಮಾಡಿಸಲು ಹೊಸ ವಕೀಲೆ ಅರ್ಜಿ ಹಾಕಿದ್ದಾರೆ. ನಿನ್ನ ಸಾಕ್ಷಿ ಬೇಕಂತೆ. ಅವತ್ತು ಕೋರ್ಟಿನ ಬಾಗಿಲಲ್ಲಿ ಹಳೇ ವಕೀಲರು, "ಜಡ್ಜ್ ಏನೇ ಕೇಳಲಿ, ಹೌದು ಅಂದ್ಬಿಡಮ್ಮ, ಊಟದ ಹೊತ್ತಿಗೆ ಮನೇಲಿರ್ತೀಯ" ಅಂದರಲ್ಲ, ಅಷ್ಟು ಹೇಳಿದರೆ ಸಾಕು. ನಿನ್ನ ಗಂಡನ ಹೆಸರು ನಾನು ಅವತ್ತೂ ಎತ್ತಲಿಲ್ಲ, ಈಗಲೂ ಎತ್ತುವುದಿಲ್ಲ.

ದಿನಾ ಒಂದೇ ಕನಸು. "ನಿಮ್ಮ ಸ್ವಂತ ಇಷ್ಟದಿಂದ ಒಪ್ಕೊಳ್ತಿದ್ದೀರಾ?" ಅಂತ ಜಡ್ಜ್ ಕೇಳುತ್ತಾರೆ. ಬಾಯಿ ತೆರೆದರೆ ಮಾತಿನ ಬದಲು ಹಿಮ ಉದುರುತ್ತದೆ, ಮೆಲ್ಲಗೆ, ಕೋರ್ಟಿನ ತುಂಬ. ನೀನು ಹಿಂದಿನ ಬೆಂಚಿನಲ್ಲಿ ನನ್ನ ನೀಲಿ ಕೋಟು ತಬ್ಬಿಕೊಂಡು ಕೂತಿರುತ್ತೀಯ.

ಬರುವಾಗ ಅದನ್ನು ತಾ. "ಹಿಡ್ಕೊಂಡಿರು, ಈಗ ಬಂದೆ" ಅಂತ ನಿನ್ನ ಕೈಗೆ ಕೊಟ್ಟು ಒಳಗೆ ಹೋಗಿದ್ದೆ.

ನಿನ್ನ ತಂಗಿ,
ವರ್ನಾ