ಪೇಟಿ ಬಾರಿಸುವವನು ಪೆಟ್ಟಿಗೆ ಬಡಿಯುವವನಲ್ಲ

ಮಾನ್ಯ ಪಟ್ಟಿ ಅಧಿಕಾರಿಗಳೇ,

ನಾನು ಬಡಿಗನಲ್ಲ. ಇದನ್ನು ತಮಗೆ ಮೂರು ಅರ್ಜಿಗಳಲ್ಲಿ ವಿನಯದಿಂದ ತಿಳಿಸಿದ್ದೇನೆ. ಮೇಜಿನ ಮೇಲಿನ ಕಾಗದ ಓದದವರೂ ಬೆಳಗಿನ ಪತ್ರಿಕೆ ಓದುತ್ತಾರೆಂಬ ಆಸೆಯಿಂದ ನಾಲ್ಕನೆಯದನ್ನು ಅಚ್ಚಿಗೆ ಕೊಟ್ಟಿದ್ದೇನೆ. ತಾವು ಹೊರತಂದ ‘ಕಲಾವಿದರು ಮತ್ತು ಕುಶಲಕರ್ಮಿಗಳ ಪಟ್ಟಿ’ಯ ಮೂವತ್ತೆರಡನೆಯ ಪುಟದಲ್ಲಿ ಹೀಗಿದೆ: “ರಸೂಲ, ಯಡ್ರಾಮಿ. ಮರದ ಪೆಟ್ಟಿಗೆ ತಯಾರಿಕೆ. ಕಾರ್ಖಾನೆ ಅನುಭವ ಇಪ್ಪತ್ತೇಳು ವರ್ಷ.” ಆ ರಸೂಲ ನಾನೇ. ಈ ಜೀವಮಾನದಲ್ಲಿ ಒಂದು ಪೆಟ್ಟಿಗೆಯನ್ನೂ ಮಾಡಿದವನಲ್ಲ.

ಪಟ್ಟಿಗೆ ಸೇರಲು ನಾನು ಮೊದಲು ಕೊಟ್ಟ ಅರ್ಜಿಯಲ್ಲಿದ್ದ ಮಾತು ಇಷ್ಟು: “ಇಪ್ಪತ್ತೇಳು ವರ್ಷ ಕಂಪನಿಯಲ್ಲಿ ಪೇಟಿ ಬಾರಿಸಿದ್ದೇನೆ.” ಆಳಂದದಿಂದ ಜೇವರ್ಗಿಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ: ಪೇಟಿ ಎಂದರೆ ಹಾರ್ಮೋನಿಯಂ, ಬಾರಿಸುವುದೆಂದರೆ ನುಡಿಸುವುದು, ಕಂಪನಿ ಎಂದರೆ ನಾಟಕದ ಕಂಪನಿ. ತಾವು ಪೇಟಿಯನ್ನು ಪೆಟ್ಟಿಗೆ ಮಾಡಿದಿರಿ, ಬಾರಿಸುವುದನ್ನು ಬಡಿಯುವುದು ಮಾಡಿದಿರಿ, ನಮ್ಮ ಬಡ ಕಂಪನಿಗೆ ಹೊಗೆಕೊಳವೆ ಹಚ್ಚಿ ಕಾರ್ಖಾನೆ ಮಾಡಿದಿರಿ. ಒಂದೇ ಸಾಲಿನಲ್ಲಿ ಮೂರು ಮಾತನ್ನೂ ತಪ್ಪು ಓದಲು ಸಾಮಾನ್ಯ ವಿದ್ಯೆ ಸಾಲದು. ತಿಳಿಯದಿದ್ದರೆ ಯಾರನ್ನಾದರೂ ಕೇಳಬಾರದಿತ್ತೇ? ತಮ್ಮ ಕಚೇರಿಯ ಗುಮಾಸ್ತರು ಈ ಕಡೆಯವರೇ ಅಲ್ಲವೇ?

ಇಷ್ಟಕ್ಕೇ ಈ ಮುದುಕ ಇಷ್ಟೇಕೆ ಹಾರಾಡುತ್ತಾನೆ ಎಂದು ತಮಗನ್ನಿಸಬಹುದು. ಹೇಳುತ್ತೇನೆ. ಊರೂರಿಗೆ ವಿಡಿಯೊ ಬಂತು, ಮೂರು ವರ್ಷದ ಹಿಂದೆ ನಮ್ಮ ಕಂಪನಿ ಅಫಜಲಪುರದಲ್ಲಿ ಪರದೆ ಮಡಚಿತು. ನಾನು ಪೇಟಿ ಹೊತ್ತುಕೊಂಡು ಯಡ್ರಾಮಿಗೆ ಬಂದು ಕುಳಿತೆ. ಕಂಪನಿಯಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದ ಹೀರಾಬಾಯಿ ಒಂದು ದಿನ ಮನೆಗೆ ಬಂದು ನನ್ನನ್ನು ನೋಡಿ ಬೈದಳು. “ಕುಂತಲ್ಲೇ ಕುಂತ್ರ ಯಾರು ಕರೀತಾರ್ರಿ ಮಾಸ್ತರ? ಗುರ್ತ ಇಲ್ದವರಿಗೂ ಕಾಗದ ಬರೀರಿ. ಅತ್ತ ಕೂಸಿಗೇ ಅಲ್ಲೇನ್ರಿ ಹಾಲು?”

ಬರೆದೆ. ಕ್ಯಾಸೆಟ್ಟಿನ ಹೊದಿಕೆಯ ಹಿಂದಿನ ಸಣ್ಣ ಅಕ್ಷರ, ಜೇವರ್ಗಿ ಬಸ್‌ಸ್ಟ್ಯಾಂಡಿನ ಗೋಡೆಯ ಸಿನಿಮಾ ಪೋಸ್ಟರಿನ ತಳದ ಸಾಲು, ಚಹಾದಂಗಡಿ ಮೆಹಬೂಬನ ಹಳೆಯ ವಾರಪತ್ರಿಕೆ, ಎಲ್ಲಿ ವಿಳಾಸ ಕಂಡರೂ ಬರೆದುಕೊಂಡೆ. ಮದರಾಸು, ಬೆಂಗಳೂರು, ಮುಂಬಯಿ, ಒಟ್ಟು ನಲವತ್ತೊಂದು ಕಾಗದ. ಮುಖ ನೋಡದವನ ಮುಂದೆ ಕೈಚಾಚುವುದು ಹೇಗಿರುತ್ತದೆ ಗೊತ್ತೇ ಮಾನ್ಯರೇ? ಹೆಚ್ಚು ಹೊಗಳಿಕೊಂಡರೆ ಬಡಾಯಿ, ಕಡಿಮೆ ಹೇಳಿದರೆ ಕಸದ ಬುಟ್ಟಿ. ರಾತ್ರಿಯೆಲ್ಲ ನಾಟಕಕ್ಕೆ ನುಡಿಸಿದವನಿಗೆ ‘ತಮ್ಮ ಸೇವಾಕಾಂಕ್ಷಿ’ ಎಂದು ಬರೆಯಲು ಒಂದು ಹಗಲು ಬೇಕಾಗುತ್ತಿತ್ತು. ಮೂರು ಕಾಗದ ಹಾಗೇ ಹಿಂದಕ್ಕೆ ಬಂದವು. ನಟರೊಬ್ಬರು ತಮ್ಮ ಫೋಟೊಕ್ಕೆ ಸಹಿ ಹಾಕಿ ಕಳಿಸಿದರು. ನಾನು ಕೇಳಿದ್ದು ಕೆಲಸ. ಟಪಾಲಿನವ ಬರುವ ಹೊತ್ತಿಗೆ ನನ್ನ ಹೆಂಡತಿ ಶಮಶಾದ ಒಳಗೆ ಹೋಗಿಬಿಡುತ್ತಿದ್ದಳು, ನನ್ನ ಮುಖ ನೋಡಲಾಗದೆ.

ಕಡೆಗೆ ಕಳೆದ ತಿಂಗಳು ಮದರಾಸಿನಿಂದ ಸಂಗೀತ ನಿರ್ದೇಶಕರೊಬ್ಬರ ಉತ್ತರ ಬಂತು. ನಾನು ಮೆಹಬೂಬನ ಟೇಪ್‌ರೆಕಾರ್ಡರಿನಲ್ಲಿ ನುಡಿಸಿ ಕಳಿಸಿದ್ದ ಕ್ಯಾಸೆಟ್ಟನ್ನು ಆ ಪುಣ್ಯಾತ್ಮರು ಪೂರ್ತಿ ಕೇಳಿದ್ದರು; ನಡುನಡುವೆ ಬರುವ ಲೋಟದ ಸದ್ದನ್ನೂ ಸಹಿಸಿದ್ದರು. ಕಂಪನಿ ನಾಟಕದ ಕಥೆಯ ಸಿನಿಮಾ, ಆ ಕಾಲದ ಪೇಟಿಯ ಕೈ ಬೇಕು, ಐದು ಹಾಡು, ಮುಂದೆಯೂ ಕರೆಯುತ್ತೇವೆ ಎಂದು ಬರೆದಿದ್ದರು. ಒಂದೇ ಷರತ್ತು. ಅಲ್ಲಿನ ವಾದ್ಯಗಾರರ ಸಂಘ ಹೊರಗಿನವರನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಸರಕಾರದ ಪಟ್ಟಿಯಲ್ಲಿರುವ ಕಲಾವಿದ ಎಂಬ ಪ್ರಮಾಣಪತ್ರ ಹಿಡಿದು ಮಾರ್ಚ್ ಇಪ್ಪತ್ತರೊಳಗೆ ಬರಬೇಕು. ಕಾಗದ ಓದಿ ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮರುದಿನವೇ ತಮ್ಮ ಕಚೇರಿಗೆ ಬಂದೆ. ಗುಮಾಸ್ತ ದೌಲತರಾಯರು ಪಟ್ಟಿ ತೆಗೆದು ನೋಡಿ ದನಿ ತಗ್ಗಿಸಿದರು. “ಪೇಟಿ ಅಂದ್ರೇನಂತ ನನಗ ಗೊತ್ತದರಿ ಮಾಸ್ತರ. ಸಣ್ಣಾಂವ ಇದ್ದಾಗ ನಿಮ್ಮ ನಾಟಕ ನೋಡೇನಿ. ಆದ್ರ ಸಾಹೇಬರ ಸಹಿ ಆಗ್ಯಾದ, ನಾ ಏನ್ ಮಾಡ್ಲಿ?” ನಾನು ಒಳಗೆ ಬಂದು ತಮ್ಮೆದುರು ನಿಂತು, ಕೈಪೇಟಿ ತಂದಿದ್ದೇನೆ, ಬಾರಿಸಿ ತೋರಿಸಲೇ ಎಂದೆ. “ಕಚೇರಿಯಲ್ಲಿ ಅದೆಲ್ಲ ಮಾಡಬೇಡಿ” ಎಂದಿರಿ. ಕಚೇರಿಯಲ್ಲಿ ಸಂಗೀತ ಬೇಡ ಎಂದ ಮೊದಲ ಮಹನೀಯರು ತಾವೇ. ಆಮೇಲೆ ತಿದ್ದುಪಡಿಯ ದಾರಿ ತೋರಿಸಿದಿರಿ: ನಾನು ಬಡಿಗನಲ್ಲವೆಂದು ಬಡಿಗರಿಂದಲೇ ಬರೆಸಿಕೊಂಡು ಬರಬೇಕು. ಹೀಗಿದ್ದರೆ ತಾವು ವೈದ್ಯರಲ್ಲ ಎಂಬುದಕ್ಕೆ ಯಾವ ಆಸ್ಪತ್ರೆಯ ಚೀಟಿ ಇಟ್ಟುಕೊಂಡಿದ್ದೀರಿ?

ಆದರೂ ಹೋದೆ. ನಮ್ಮೂರ ಮೋನಪ್ಪ ಬಡಿಗೇರ ಉಳಿ ಕೆಳಗಿಟ್ಟು ಬಹಳ ಹೊತ್ತು ನಕ್ಕ. “ಬಡಿಗ ಹೌದು ಅಂತ ಬರಿ ಅಂದ್ರ ನಿನ್ನ ಕೆಲಸ ನೋಡಿ ಬರೀತಿದ್ದೆ. ಅಲ್ಲ ಅಂತ ಹ್ಯಾಂಗ ಬರೀಲೋ ರಸೂಲ?” ಎಂದ. ಕೊನೆಗೆ ಬರೆದು, ಹೆಬ್ಬೆಟ್ಟು ಒತ್ತಿ, ಅದರ ಪಕ್ಕ ಸಹಿಯನ್ನೂ ಹಾಕಿಕೊಟ್ಟ. ಅದನ್ನು ತಂದಾಗ ತಾವು ಪ್ರವಾಸದಲ್ಲಿದ್ದಿರಿ. ಎರಡನೆಯ ಸಲ ಸಭೆಯಲ್ಲಿದ್ದಿರಿ. ಮೂರನೆಯ ಸಲ ಒಳಗೇ ಇದ್ದಿರಿ, ಆದರೆ ಇಲ್ಲ ಎಂದು ಹೇಳಿಸಿದಿರಿ. ತಮ್ಮ ಕೆಮ್ಮು ನನಗೆ ಕೇಳಿಸುತ್ತಿತ್ತು. ನನ್ನ ಕಿವಿ ಇನ್ನೂ ಚೆನ್ನಾಗಿದೆ ಮಾನ್ಯರೇ, ನಾನು ಬದುಕಿದ್ದೇ ಅದರಿಂದ.

ಇಂದು ಮಾರ್ಚ್ ಹನ್ನೆರಡು. ವ್ಯಂಗ್ಯ ಸಾಕು. ನನಗೆ ಹೆದರಿಕೆಯಾಗಿದೆ. ನನಗೀಗ ಐವತ್ತಾರು. ಇನ್ನೊಮ್ಮೆ ನಲವತ್ತೊಂದು ಕಾಗದ ಬರೆಯುವ ಎದೆ ನನಗಿಲ್ಲ, ಇನ್ನೊಬ್ಬರು ಉತ್ತರಿಸುತ್ತಾರೆಂಬ ನಂಬಿಕೆಯೂ ಇಲ್ಲ. ಹೊಸ ಪಟ್ಟಿ ಬೇಡ, ಕ್ಷಮೆ ಬೇಡ, ತಪ್ಪು ಯಾರದೆಂಬ ವಿಚಾರಣೆಯೂ ಬೇಡ. ಮದರಾಸಿನ ದಾರಿಗೆ ಮೂರು ದಿನ ಬಿಟ್ಟು, ಹದಿನೇಳನೆಯ ತಾರೀಖಿನೊಳಗೆ ‘ಈತ ಹಾರ್ಮೋನಿಯಂ ವಾದಕ’ ಎಂದು ಒಂದು ಸಾಲು ಬರೆದು ಸಹಿ ಮಾಡಿ ದೌಲತರಾಯರ ಕೈಗೆ ಕೊಡಿ. ಅವರ ಬಾಗಿಲಲ್ಲಿ ನಾನು ದಿನಾ ಬೆಳಿಗ್ಗೆಯಿಂದ ಕೂತಿರುತ್ತೇನೆ.

ತಮ್ಮ ಪಟ್ಟಿಯಿಂದ ಲಾಭವೇ ಆಗಿಲ್ಲವೆಂದರೆ ಸುಳ್ಳಾದೀತು. ಅದನ್ನು ನೋಡಿ ಖಜೂರಿ ಎಂಬ ಊರಿನ ಹಣ್ಣಿನ ವ್ಯಾಪಾರಿಯೊಬ್ಬರು ನನಗೆ ಕಾಗದ ಬರೆದಿದ್ದಾರೆ. ನಾನು ಅವರನ್ನು ಕಂಡಿಲ್ಲ, ಅವರು ನನ್ನನ್ನು ಕಂಡಿಲ್ಲ. ಲಾರಿಗೆ ಹಣ್ಣು ತುಂಬಲು ನೂರು ಪೆಟ್ಟಿಗೆ ಬೇಕಂತೆ, ಕೆಲಸ ನನಗೇ ಕೊಡುತ್ತಾರಂತೆ. ನಾನು ಬೇಡದೆ ನನ್ನನ್ನು ಹುಡುಕಿಕೊಂಡು ಬಂದ ಕೆಲಸ ಮೂರು ವರ್ಷದಲ್ಲಿ ಇದೊಂದೇ. ನಿನ್ನೆ ಮೋನಪ್ಪನ ಪಕ್ಕ ಕೂತು ಮೊಳೆ ಹೊಡೆದು ನೋಡಿದೆ. ಎರಡು ಏಟಿಗೇ ಅವನು ನನ್ನ ಕೈಯಿಂದ ಸುತ್ತಿಗೆ ಕಸಿದುಕೊಂಡ. “ಬ್ಯಾಡೋ ರಸೂಲ, ಬೆರಳು ಹೋಗ್ತಾವ” ಎಂದ. ನಾನು ಸುತ್ತಿಗೆಯನ್ನು ತಿರುಗಿ ಕೇಳಿದೆ.

ಇಂತಿ,
ಹದಿನೇಳರವರೆಗೆ ಮಾತ್ರ ಪೇಟಿ ಮಾಸ್ತರ,
ರಸೂಲ
ಯಡ್ರಾಮಿ, ಜೇವರ್ಗಿ ತಾಲೂಕು
೧೨ ಮಾರ್ಚ್ ೧೯೮೭