ಸುಮಾರಾದ ಹುಡುಗಿಯ ಸಾಕ್ಷ್ಯ

ಬುಪ್ಯೊಂಗ್, ಇಂಚಿಯಾನ್
ಅಕ್ಟೋಬರ್ ೨೪, ಮಧ್ಯಾಹ್ನ

ಸ್ಟೇಷನ್ ಮುಂದೆ ಸಹಿ ಸಂಗ್ರಹಿಸುತ್ತ ನಿಂತಿರುವ ನನ್ನ ಅಮ್ಮನಿಗೆ,

ನಾನು ಶಾಲೆ ಬಿಟ್ಟದ್ದು ಯಾವ ಹೋರಾಟಕ್ಕೂ ಅಲ್ಲ. ನಾಲ್ಕು ವರ್ಷದಿಂದ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟೆ ಅನ್ನುವುದಕ್ಕಿಂತ, ನೀನು ಬೇರೆ ಕಥೆ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತು ಸುಮ್ಮನೆ ಉಣ್ಣುತ್ತಿದ್ದೆ. ಹದಿನೇಳನೆಯ ವಯಸ್ಸಿಗೆ ನನ್ನ ಮಗಳು ಈ ಅಂಕಗಳ ಸಮಾಜವನ್ನೇ ಧಿಕ್ಕರಿಸಿ ಹೊರಬಂದಳು ಎಂದು ನೀನು ನಿನ್ನ ಗೆಳೆಯರಿಗೆ ಹೇಳುವಾಗ ನಿನ್ನ ಮುಖ ಎಷ್ಟು ಬೆಳಗುತ್ತಿತ್ತೆಂದರೆ, ನಡುವೆ ಬಾಯಿ ಹಾಕಲು ಮನಸ್ಸಾಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಒಂದು ಬೆಳಗ್ಗೆ ಬಸ್ಸು ಶಾಲೆಯ ಮುಂದೆ ನಿಂತಿತು, ನಾನು ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೆ ಹೋದೆ. ಅಲ್ಲೊಂದು ಕಾರು ತೊಳೆಯುವ ಅಂಗಡಿ, ಒಂದು ಖಾಲಿ ಜಾಗ, ಖಾರದ ಅಕ್ಕಿ ಕಡುಬು ಮಾರುವ ಒಬ್ಬ ಹೆಂಗಸು. ತಿಂದೆ, ಅಡ್ಡಾಡಿದೆ. ಕಾಲುಗಳು ನನ್ನವೇ ಅನ್ನಿಸಿತು. ಮಾರನೆಯ ದಿನವೂ ಇಳಿಯಲಿಲ್ಲ. ಬೆಳಗಿನಿಂದ ರಾತ್ರಿ ಹತ್ತರವರೆಗೆ ಒಂದು ಕುರ್ಚಿಯಲ್ಲಿ ಕೂರಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಧಿಕ್ಕಾರವೂ ಇಲ್ಲ, ಸಿದ್ಧಾಂತವೂ ಇಲ್ಲ. ಆಗಲಿಲ್ಲ, ಅಷ್ಟೆ.

ಶನಿವಾರ ತಾಕ್ ವಕೀಲರ ಕಚೇರಿಯಲ್ಲಿ ನಾನು ಹಾಗೇಕೆ ಮಾಡಿದೆ ಎಂದು ನೀನು ಈ ನಾಲ್ಕು ದಿನದಲ್ಲಿ ಒಮ್ಮೆಯೂ ಕೇಳಲಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಿಮ್ಮ ಕಾನೂನಿಗಾಗಿ ಸಂಸತ್ತಿನ ಮುಂದೆ ಹೇಳಲೆಂದು, ಆ ದಿನ ನಾನು ಓದಿ ಅಭ್ಯಾಸ ಮಾಡಬೇಕಿದ್ದ ಸಾಕ್ಷ್ಯವನ್ನು ನೀನು ಚೆನ್ನಾಗಿ ಬರೆದಿದ್ದೆ. ಟ್ಯೂಷನ್ ಸೆಂಟರಿನಲ್ಲಿ ನಿನ್ನ ಮಕ್ಕಳಿಗೆ ವಿಶ್ವವಿದ್ಯಾಲಯದ ಅರ್ಜಿಗಾಗಿ ಬರೆಸುತ್ತೀಯಲ್ಲ, ಅದೇ ಅಚ್ಚು. ಮೊದಲು ಕಷ್ಟ, ಆಮೇಲೆ ಛಲ, ಕೊನೆಗೆ ಬೆಳಕು. ನಾನು ಗ್ರಂಥಾಲಯದಲ್ಲಿ ಕೂತು ತತ್ವಶಾಸ್ತ್ರ ಓದಿದೆನಂತೆ. ನಾನು ದುಡಿದ ಮುಖದ ಕ್ರೀಮ್ ಫ್ಯಾಕ್ಟರಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದೆನಂತೆ. ಆದರೂ ಹೈಸ್ಕೂಲು ಮುಗಿಸಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾಯಂ ಮಾಡಲಿಲ್ಲವಂತೆ. ಕೊನೆಯದೊಂದು ನಿಜ. ಉಳಿದದ್ದನ್ನು ಓದುತ್ತಿದ್ದರೆ ಈ ಹುಡುಗಿ ಯಾರೋ, ನನಗೂ ಪರಿಚಯವಾದರೆ ಚೆನ್ನಾಗಿತ್ತು ಅನ್ನಿಸಿತು.

ಓದಿ ಮುಗಿಸಿದ ಮೇಲೆ ತಾಕ್ ವಕೀಲರು ಸಂಸತ್ತಿನಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ಕೇಳುತ್ತೇನೆಂದರು. ಮೇಜಿನ ಮೇಲೆ ಕಿಂಬಾಪ್ ಅನ್ನದ ಸುರುಳಿಗಳಿದ್ದವು, ನೀನು ಎಲ್ಲರ ಮುಂದೆ ಒಂದೊಂದು ತುಂಡು ಇಡುತ್ತಿದ್ದೆ.

"ಶಾಲೆ ಯಾಕೆ ಬಿಟ್ಟೆ, ನಾರೆ?" ಅಂದರು.

"ಬಸ್ ಇಳೀಲಿಲ್ಲ ಸರ್," ಅಂದೆ.

ಎಲ್ಲರೂ ನಕ್ಕರು. ಅವರೂ ನಕ್ಕು, "ಅಂದ್ರೆ ಅದು ನಿನ್ನ ಪ್ರತಿಭಟನೆ, ಅಲ್ವಾ?" ಅಂದರು.

"ಅಲ್ಲ ಸರ್. ಕೂರೋಕಾಗ್ತಿರ್ಲಿಲ್ಲ."

"ಸರಿ ಬಿಡು, ಅದನ್ನ ಆಮೇಲೆ ನೋಡೋಣ. ಫ್ಯಾಕ್ಟರೀಲಿ ನೀನು ಬೇರೆಯವರಿಗಿಂತ ಚೆನ್ನಾಗಿ ಕೆಲಸ ಮಾಡ್ತಿದ್ದೆ."

"ಇಲ್ಲ ಸರ್, ಸುಮಾರಾಗಿ ಮಾಡ್ತಿದ್ದೆ. ಡಬ್ಬಿ ಮುಚ್ಚಳ ಓರೆ ಹಾಕ್ತಿದ್ದೆ. ಒಂದೆರಡು ಸಲ ತಡವಾಗಿ ಹೋಗಿದ್ದೆ. ನನ್ನ ಪಕ್ಕದ ಹುಡುಗ ಕಾಲೇಜು ಓದಿದೋನು, ಅವನೂ ನನ್ನಷ್ಟೇ ಓರೆ ಹಾಕ್ತಿದ್ದ. ಅವನನ್ನ ಕಾಯಂ ಮಾಡಿದ್ರು."

ಈ ಸಲ ಯಾರೂ ನಗಲಿಲ್ಲ. ತಾಕ್ ವಕೀಲರು ಕನ್ನಡಕ ತೆಗೆದಿಟ್ಟರು. ಕೋಪದಿಂದಲ್ಲ, ಅವರು ಒಳ್ಳೆಯವರು. "ನೋಡಮ್ಮ," ಅಂದರು, "ಕೆಲಸಕ್ಕೆ ತಗೊಳ್ಳುವಾಗ ಓದಿನ ಮೇಲೆ ಭೇದ ಮಾಡಬಾರದು ಅಂತ ಈಗಲೂ ಕಾನೂನಲ್ಲಿ ಒಂದು ಸಾಲಿದೆ. ಮುರಿದ್ರೆ ಶಿಕ್ಷೆ ಇಲ್ಲ, ಅದಕ್ಕೇ ಅದು ಯಾರಿಗೂ ಲೆಕ್ಕಕ್ಕಿಲ್ಲ. ನಾವು ಕೇಳ್ತಿರೋದು ಹಲ್ಲಿರೋ ಕಾನೂನು. ಎದುರಿಗೆ ಕೂತೋರು ಒಂದೇ ಮಾತು ಹೇಳ್ತಾರೆ. ಓದೋದು ಬಿಡೋದು ಅವರವರ ಶ್ರಮ, ಸೋಮಾರಿಗಳಿಗೆಲ್ಲ ಕಾನೂನು ಬೇಕಾ, ಅಂತ. ನೀನೀಗ ಹೇಳಿದ್ದನ್ನ ಅಲ್ಲಿ ಹೇಳಿದ್ರೆ ಅವರ ಕೆಲಸ ನೀನೇ ಮಾಡಿಕೊಟ್ಟ ಹಾಗೆ."

"ಬೇಡವಾ ಸರ್, ಸುಮಾರಾದವರಿಗೆ?" ಅಂತ ಕೇಳಿದೆ. ಎದುರುತ್ತರ ಕೊಡಬೇಕೆಂದಲ್ಲ, ನಿಜವಾಗಿ ತಿಳಿಯಬೇಕಿತ್ತು. ತುಂಬ ಜಾಣರಾಗಿದ್ದೂ ಓದದವರಿಗೆ ಮಾತ್ರ ಅನ್ಯಾಯವಾಗಿದೆ ಅಂದರೆ, ಅದೂ ಒಂದು ಪರೀಕ್ಷೆಯೇ ಅಲ್ಲವಾ ಅಮ್ಮ? ಅದರಲ್ಲೂ ನಾನು ಫೇಲು.

ನಾನು ನಿನ್ನ ಕಡೆ ನೋಡಿದೆ. ನೀನು ತಟ್ಟೆಯಲ್ಲಿ ಉಳಿದಿದ್ದ ಕಿಂಬಾಪ್ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದೆ.

ಸಂಜೆಯ ಹೊತ್ತಿಗೆ ಅವರಿಗೆ ನನ್ನ ಬದಲು ಸಾಕ್ಷಿ ಹೇಳಲು ಬೇರೊಬ್ಬ ಸಿಕ್ಕಿದ. ಶಾಲೆ ಬಿಟ್ಟು ತಾನೇ ಕಂಪ್ಯೂಟರ್ ಕಲಿತು ಬಹುಮಾನ ಗೆದ್ದ ಹುಡುಗ. ಅವನ ಬಗ್ಗೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಅವನಿಗೂ ಅನ್ಯಾಯವಾಗಿದೆ, ಹೇಳಲಿ.

ಆಮೇಲೆ ನಾವಿಬ್ಬರೂ ಸ್ಟೇಷನ್ ಹಿಂದಿನ ನೂಡಲ್ಸ್ ಅಂಗಡಿಯಲ್ಲಿ ಕೂತೆವು. ಸಾರಿನ ಹಬೆಗೆ ನಿನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ಅಷ್ಟು ಹೇಳೋಕೆ ನಿನಗೇನಾಗಿತ್ತೇ?" ಅಂತ ನೀನು ಕೇಳಿದೆ.

"ಸುಳ್ಳಲ್ವಾ ಅಮ್ಮ?"

"ಸುಳ್ಳಲ್ಲ ಕಣೆ, ಜೋಡಿಸಿ ಹೇಳೋದು. ನಾನು ಮಕ್ಕಳಿಗೆ ದಿನಾ ಕಲಿಸೋದೇ ಅದು. ನಿನಗೊಬ್ಬಳಿಗೆ ಮಾತ್ರ ನಾಲಿಗೆ ಬಾಗಲ್ಲ." ನೀನು ನನ್ನ ಬಟ್ಟಲಿಗೆ ನೂಡಲ್ಸ್ ಬಡಿಸುತ್ತ, "ಏಪ್ರಿಲ್‌ನಲ್ಲಿ ಹೊರಗಿನಿಂದ ಕಟ್ಟೋ ಹೈಸ್ಕೂಲ್ ಪರೀಕ್ಷೆ ಇದೆ. ಒಂದು ಸಲ ಬರೆದು ಮುಗಿಸಿಬಿಡು ಪುಟ್ಟ. ಆಮೇಲೆ ನಿನ್ನನ್ನ ಯಾರೂ ಏನೂ ಕೇಳಲ್ಲ," ಅಂದೆ.

"ಹಾಗಾದ್ರೆ ಕಾನೂನು ಯಾಕಮ್ಮ?" ಅಂದೆ. ನೀನು ಅಂಗಡಿಯವಳನ್ನು ಕರೆದು ಇನ್ನೊಂದಿಷ್ಟು ಮೂಲಂಗಿ ಕಿಮ್ಚಿ ಕೇಳಿದೆ.

ನೀನು ಈ ಕಾನೂನಿಗಾಗಿ ಎಷ್ಟು ಓಡಾಡಿದ್ದೀಯೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಮಸೂದೆಯ ಕರಡಿನಿಂದ ಓದಿಗೆ ಸಂಬಂಧಿಸಿದ ಪದವನ್ನೇ ಕಿತ್ತುಹಾಕಿದರೆಂದು ನೀನು ಅಡುಗೆಮನೆಯಲ್ಲಿ ನಿಂತು ಅತ್ತದ್ದು ನೆನಪಿದೆ. ಆದರೆ ಸಂಜೆಯಾದರೆ ನೀನು ದುಡಿಯುವ ಟ್ಯೂಷನ್ ಸೆಂಟರಿನ ಗೋಡೆಗೆ, ದೊಡ್ಡ ವಿಶ್ವವಿದ್ಯಾಲಯ ಸೇರಿದ ಮಕ್ಕಳ ಹೆಸರಿನ ಬ್ಯಾನರು ತೂಗುತ್ತದೆ. ಅದು ಹೊಟ್ಟೆಪಾಡು, ನನ್ನನ್ನು ಸಾಕಿದ್ದೂ ಅದೇ ಗೋಡೆ. ಅದಕ್ಕೆ ನಿನ್ನನ್ನು ಹಂಗಿಸುವುದಿಲ್ಲ. ಆದರೆ ಆ ಹೆಸರುಗಳನ್ನು ಓದುವಾಗ ನಿನ್ನ ಮುಖ ಹೇಗಿರುತ್ತದೆಂದು ನಾನು ನೋಡಿದ್ದೇನೆ. ನನ್ನ ಕಥೆ ಹೇಳುವಾಗ ಇರುವ ಬೆಳಕಿಗಿಂತ ಅದು ಬೇರೆ. ಅದಕ್ಕೆ ಜೋಡಣೆ ಬೇಕಿಲ್ಲ.

ಭಾನುವಾರ ನಾನು ಓಕ್‌ಬುನ್ ಚಿಕ್ಕಮ್ಮನಿಗೆ ಫೋನು ಮಾಡಿದೆ. ನೀನು ಕಾಲೇಜು ಹುಡುಗಿಯೆಂಬುದನ್ನು ಮುಚ್ಚಿಟ್ಟು, ಮಿಡ್ಲ್ ಸ್ಕೂಲು ಮಾತ್ರ ಓದಿದ್ದೇನೆಂದು ಬರೆದುಕೊಟ್ಟು, ಕಾರ್ಮಿಕರನ್ನು ಒಗ್ಗೂಡಿಸಲು ಬಟ್ಟೆ ಹೊಲಿಯುವ ಫ್ಯಾಕ್ಟರಿ ಸೇರಿದ್ದ ಕಾಲದಲ್ಲಿ ಅವರು ನಿನ್ನ ಪಕ್ಕದ ಮಷೀನಿನಲ್ಲಿದ್ದವರು. ಅವರು ನಿಜವಾಗಿಯೂ ಅಷ್ಟೇ ಓದಿದವರು. ಓದನ್ನು ಮರೆಮಾಚಿದ್ದಕ್ಕೆ ನಿನ್ನನ್ನು ಕೆಲಸದಿಂದ ತೆಗೆದ ಕಥೆಯನ್ನು ನೀನು ಪ್ರತಿ ಸಭೆಯಲ್ಲೂ ಹೇಳುತ್ತೀಯ. ಅವರು ಹೇಳಿದ್ದು ಕೇಳು.

"ನಿಮ್ಮಮ್ಮನ್ನ ಆಚೆ ಹಾಕಿದ ದಿನ ನಾವೆಲ್ಲ ಮಷೀನ್ ನಿಲ್ಸಿ ಅತ್ವಿ ಕಣೆ. ಅವಳು ವಾಪಸ್ ಹೋಗಿ ಡಿಗ್ರಿ ತಗೊಂಡ್ಲು. ನಾವು ಮಾರನೇ ದಿನ ಅದೇ ಸ್ಟೂಲ್ ಮೇಲೆ ಕೂತ್ವಿ. ಕೋಪ ಇಲ್ಲ ನಂಗೆ, ಈಗಲೂ ಚಳಿಗಾಲಕ್ಕೆ ಸ್ವೆಟರ್ ಕಳಿಸ್ತಾಳೆ ಪಾಪ. ಆದ್ರೆ ಆ ಕಥೆ ಹೇಳೋವಾಗ, ತಾನು ಆಚೆ ಬಂದ ತಕ್ಷಣ ಕಥೆ ಮುಗಿಸಿಬಿಡ್ತಾಳೆ ನೋಡು."

ಚಿಕ್ಕಮ್ಮ ಈಗ ದಕ್ಷಿಣದ ಕಡಲೂರು ಟೊಂಗ್ಯೊಂಗ್‌ನಲ್ಲಿ ಚಿಪ್ಪು ಒಡೆದು ಸಿಂಪಿ ಸುಲಿಯುತ್ತಾರೆ. ಹಂಗಾಮು ಈಗಷ್ಟೇ ಶುರುವಾಗಿದೆಯಂತೆ, ಸುಲಿದಷ್ಟು ತೂಕಕ್ಕೆ ಕೂಲಿ. ನನಗೂ ಜಾಗ ಇದೆಯಾ ಎಂದು ಕೇಳಿದೆ. "ಏನು ಓದಿದೀಯ ಅಂತ ಇಲ್ಲಿ ಯಾರೂ ಕೇಳಲ್ಲ. ಆದ್ರೆ ಕೈ ವಾಸನೆ ಹೋಗಲ್ಲ, ಚಾಕು ತಾಗುತ್ತೆ, ಸೊಂಟ ಹಿಡಿಯುತ್ತೆ. ಹಾಡು ಹೇಳ್ಕೊಂಡು ಸುಲೀತೀವಿ ಅಂತ ಟೀವೀಲಿ ತೋರಿಸ್ತಾರಲ್ಲ, ಅದೆಲ್ಲ ಸುಳ್ಳು," ಅಂದರು. ಅಲ್ಲಿಯೂ ನಾನು ಸುಮಾರಾಗಿಯೇ ಸುಲಿಯುತ್ತೇನೆ ಅನ್ನಿಸುತ್ತದೆ. ಇಡೀ ದಿನ ನಿಂತೇ ಮಾಡುವ ಕೆಲಸವಂತೆ. ಅದೊಂದು ಸಮಾಧಾನ.

ಇದನ್ನು ಮುನಿಸಿನಿಂದ ಬರೆಯುತ್ತಿಲ್ಲ. ಸ್ವಲ್ಪ ಮುನಿಸಿದೆ. ನಿನ್ನ ಕಾನೂನು ಬರಲಿ ಎಂದು ನನಗೂ ಆಸೆ, ನಾನೂ ಸಹಿ ಹಾಕಿದ್ದೇನೆ. ಆದರೆ ಅದು ಬರುವವರೆಗೆ ನಾನು ನಿನ್ನ ಮನೆಯಲ್ಲಿ ವೀರವನಿತೆಯಾಗಿಯೋ ಪರೀಕ್ಷೆ ಕಟ್ಟಬೇಕಾದವಳಾಗಿಯೋ ಇರಬೇಕಾಗುತ್ತದೆ. ಎರಡೂ ನನ್ನಿಂದಾಗದು. ಬಸ್ಸು ಇಳಿಯದೆ ಹೋದ ಹುಡುಗಿಯೇ ನಿನ್ನ ಮಗಳು. ಅವಳನ್ನು ನೋಡಬೇಕೆನ್ನಿಸಿದಾಗ ಬಾ. ಸ್ಟೇಷನ್ ಮುಂದೆ ಗಾಳಿ ಜೋರಿದೆ, ಮಂಡಿಗೆ ಬಟ್ಟೆ ಸುತ್ತಿಕೊಳ್ಳದೆ ನಿಲ್ಲಬೇಡ.

ನಿನ್ನ
ನಾರೆ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಮಂಗಳವಾರ ಸಹಿಯ ಮೇಜಿನ ಹತ್ತಿರ ನಿನ್ನ ಟ್ಯೂಷನ್ ಹುಡುಗನೊಬ್ಬನ ತಾಯಿ ಬಂದರು. ನನ್ನನ್ನು ನೋಡಿ, "ಇವಳು ನಿಮ್ಮ ಮಗಳಾ ಟೀಚರ್?" ಎಂದು ಕೇಳಿದರು. ನೀನು, "ಇಲ್ಲ, ಸಹಾಯಕ್ಕೆ ಬಂದಿರೋ ಹುಡುಗಿ," ಅಂದೆ. ನಾನು ತಲೆಬಾಗಿ ನಮಸ್ಕರಿಸಿ ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದೆ. ಅವರು ಹಾಕಿದರು. ಟೊಂಗ್ಯೊಂಗ್‌ಗೆ ಟಿಕೆಟ್ಟು ತೆಗೆದದ್ದು ಆ ಸಂಜೆ. ನಾಳೆ ಬೆಳಗ್ಗೆ ಹೊರಡುತ್ತೇನೆ.